ಬೀಜದಿಂದ ಬಂದ ಸೇವಂತಿಗೆ: ಹೊಸ ತಳಿ ಅನ್ನಬಹುದಾ? ವಿವರಣೆ ಹೇಗೆ ಬರೆಯುವುದು?

ಬೆಟ್ಟದ ಬುಡದವನು, ಚಿಕ್ಕಬಳ್ಳಾಪುರ:

ಎಲ್ಲರಿಗೂ ನಮಸ್ಕಾರ. ನಮ್ಮದು ನಂದಿ ಬೆಟ್ಟದ ಕಡೆ ಊರು. ಮನೆಯಲ್ಲಿ ಮೊದಲಿಂದಲೂ ಸೇವಂತಿಗೆಯೇ ಬೆಳೆ. ಸಸಿ ತಂದು ನೆಡುವುದು, ಕುಡಿ ಚಿವುಟುವುದು, ರಾತ್ರಿ ಬಲ್ಬು ಉರಿಸುವುದು, ಹಬ್ಬಕ್ಕೆ ಸರಿಯಾಗಿ ಹೂ ಬರಲಿ ಅಂತ ದಿನ ಎಣಿಸುವುದು, ಅದು ಪಿತೃಪಕ್ಷಕ್ಕೆ ಅರಳಿಬಿಟ್ಟರೆ ತಲೆ ಮೇಲೆ ಕೈ ಹೊತ್ತು ಕೂರುವುದು. ಈ ಕಡೆಯವರಿಗೆಲ್ಲ ಗೊತ್ತಿರುವ ಕಥೆ ಬಿಡಿ.

ವಿಷಯ ಏನೆಂದರೆ, ಬೇಲಿ ಪಕ್ಕ ಅಮ್ಮ ಉಳಿಸಿಕೊಂಡು ಬಂದಿರುವ ಒಂದು ಹಳೇ ಸೇವಂತಿಗೆ ಇದೆ. ಇಟ್ಟಿಗೆ ಕೆಂಪು, ಎರಡೇ ಸುತ್ತು ದಳ, ನಡುವೆ ಹಳದಿ ಬಟ್ಟಲು. ಮಾರುಕಟ್ಟೆಗೆ ಹೋಗುವ ಹೂವಲ್ಲ. ಆದರೆ ಗಿಡ ಗಟ್ಟಿ, ಮಳೆಗಾಲದಲ್ಲೂ ಕೆಳಗಿನ ಎಲೆ ಅಷ್ಟಾಗಿ ಕಪ್ಪಾಗುವುದಿಲ್ಲ. ಅದರ ಪರಾಗವನ್ನು ನಮ್ಮ ಸೆಂಟ್ ಯೆಲ್ಲೋ ಅನ್ನುವ ಹಳದಿ ಸೇವಂತಿಗೆ ತಳಿಯ ಹೂವಿಗೆ ಹಾಕಿ ನೋಡಿದೆ. ಹೂ ಅರಳುತ್ತಿದ್ದ ಹಾಗೆ ಸಣ್ಣ ಕತ್ತರಿಯಲ್ಲಿ ಹಳದಿ ದಳಗಳನ್ನು ಬುಡದ ಹತ್ತಿರದವರೆಗೆ ಕತ್ತರಿಸಿದರೆ ಒಳಗೆ ವೈ ಆಕಾರದ ಸಣ್ಣ ತುದಿಗಳು ಕಾಣುತ್ತವೆ. ಅದಕ್ಕೆ ಬ್ರಷ್‌ನಲ್ಲಿ ಪರಾಗ ಮುಟ್ಟಿಸಿ ಬಟರ್ ಪೇಪರ್ ಕವರ್ ಕಟ್ಟಿದೆ. ಎಲ್ಲ ತುದಿಗಳೂ ಒಂದೇ ದಿನ ತೆರೆಯುವುದಿಲ್ಲ. ಹೊರಸುತ್ತಿನದು ಮೊದಲು, ಒಳಗಿನದು ಆಮೇಲೆ. ಹಾಗಾಗಿ ಕವರ್ ಬಿಚ್ಚಿ ಮತ್ತೆ ಮತ್ತೆ ಮುಟ್ಟಿಸಬೇಕಾಯಿತು. ಹೂ ಪೂರ್ತಿ ಒಣಗಿದ ಮೇಲೆ ಉಜ್ಜಿದರೆ ಜೀರಿಗೆಗಿಂತ ಸಣ್ಣ ಬೀಜ ಸಿಕ್ಕಿತು.

ಹುಟ್ಟಿದ ಸಸಿಗಳು ಒಂದರ ಹಾಗೆ ಒಂದಿಲ್ಲ. ಕೆಲವು ಬರೀ ಎರಡು ಸುತ್ತು, ಕೆಲವು ಕೊಳಕು ಬಣ್ಣ, ಒಂದಂತೂ ಮೊಣಕಾಲೆತ್ತರಕ್ಕೂ ಬರಲಿಲ್ಲ. ಆದರೆ ಒಂದು ಗಿಡ ಮಾತ್ರ ಮನಸ್ಸು ಹಿಡಿದುಬಿಟ್ಟಿದೆ. ದಳದ ಮೇಲ್ಭಾಗ ಹಳದಿ, ಹಿಂಭಾಗ ಇಟ್ಟಿಗೆ ಬಣ್ಣ, ಹೂ ತುಂಬು. ಕಟಿಂಗ್ ಮಾಡಿ ಒಂದು ಸಾಲು ನೆಟ್ಟಿದ್ದೇನೆ, ಅದರಲ್ಲೂ ಹಾಗೇ ಬಂದಿದೆ. ಪರಿಚಯದ ನರ್ಸರಿಯವರು ಬಂದು ನೋಡಿ "ಕಟಿಂಗ್ ಕೊಡಿ, ಸಸಿಗಿಷ್ಟು ಅಂತ ಕೊಡುತ್ತೇವೆ" ಅಂತಿದ್ದಾರೆ.

ಇದನ್ನು ಹೊಸ ತಳಿ ಅಂತ ಕರೆಯಬಹುದಾ? ವಿವರಣೆ ಬರೆಯಬೇಕು ಅಂತಾರೆ, ಅದರಲ್ಲಿ ಏನೇನು ಬರೆಯುವುದು? ಹೆಸರು "ನಂದಿ ಹೊನ್ನು" ಅಂತ ಇಡೋಣ ಅಂತಿದ್ದೇನೆ. ನರ್ಸರಿಯವರಿಗೆ ಕಟಿಂಗ್ ಕೊಡಲಾ ಬೇಡವಾ?

ಹಳೇ ತೋಟಗಾರ, ತುಮಕೂರು:

ಮೊದಲು ಒಂದು ಮಾತು. ಕವರ್ ಕಟ್ಟಿ ಕ್ರಾಸ್ ಮಾಡಿದ್ದೀರಲ್ಲ, ಅದು ದೊಡ್ಡ ವಿಷಯ. ಜಾಸ್ತಿ ಜನ ಜೇನುನೊಣ ಮಾಡಿದ ಕೆಲಸಕ್ಕೆ ತಮ್ಮ ಹೆಸರು ಹಾಕಿಕೊಳ್ಳುತ್ತಾರೆ. ಸೇವಂತಿಗೆ ಸಾಮಾನ್ಯವಾಗಿ ತನ್ನದೇ ಪರಾಗವನ್ನು ಒಪ್ಪುವುದಿಲ್ಲ, ಬೇರೆ ತಳಿಯದೇ ಬೇಕು. ಹಾಗಾಗಿ ತಾಯಿ ಸೆಂಟ್ ಯೆಲ್ಲೋ, ತಂದೆ ಮನೆಯ ಹಳೇ ಇಟ್ಟಿಗೆ ಕೆಂಪು ಅಂತ ನೀವು ಧೈರ್ಯವಾಗಿ ಬರೆಯಬಹುದು.

ಸಸಿಗಳು ಒಂದರ ಹಾಗೆ ಒಂದಿಲ್ಲ ಅಂದಿರಿ. ಇರುವುದೂ ಇಲ್ಲ. ನಾವು ಬೆಳೆಯುವ ಸೇವಂತಿಗೆಯಲ್ಲಿ ಸಾಮಾನ್ಯವಾಗಿ 54 ವರ್ಣತಂತುಗಳು, ಅಂದರೆ ಒಂಬತ್ತರಂತೆ ಆರು ಸೆಟ್. ಅಷ್ಟು ಕಲಸಿ ಹಂಚಿದರೆ ಪ್ರತಿ ಬೀಜವೂ ಬೇರೆಯೇ ಆಗುತ್ತದೆ. ಅದಕ್ಕೇ ಈ ಗಿಡದ ಬೀಜ ಹಾಕಿದರೆ ಇದೇ ಹೂ ಮತ್ತೆ ಸಿಗುವುದಿಲ್ಲ. ತುದಿ ಕಟಿಂಗ್ ಇಲ್ಲವೇ ಬುಡದ ಮರಿ, ನಮ್ಮಂಥವರಿಗೆ ಇವೆರಡೇ ದಾರಿ. ನೀವು ಕಟಿಂಗ್ ಸಾಲು ನೆಟ್ಟು ನೋಡಿದ್ದು ಸರಿಯಾಗಿದೆ.

ಹೊಸ ತಳಿ ಅನ್ನಿಸಿಕೊಳ್ಳಬೇಕಾದರೆ ಮೂರು ನೋಡುತ್ತಾರೆ. ಈಗಾಗಲೇ ಇರುವ ತಳಿಗಳಿಗಿಂತ ಎದ್ದು ಕಾಣುವ ಒಂದಾದರೂ ಗುಣ ಇರಬೇಕು. ಸಾಲಿನ ಗಿಡಗಳೆಲ್ಲ ಒಂದೇ ಥರ ಇರಬೇಕು. ಕಟಿಂಗ್‌ನಿಂದ ಕಟಿಂಗ್‌ಗೆ ಹೋದರೂ ಗುಣ ಬದಲಾಗಬಾರದು. ಇದನ್ನೇ ಡಿಯುಎಸ್ ಪರೀಕ್ಷೆ ಅನ್ನುವುದು. ಎರಡನೆಯದೂ ಮೂರನೆಯದೂ ಸೇವಂತಿಗೆಯಲ್ಲಿ ಅಷ್ಟು ಕಷ್ಟ ಅಲ್ಲ. ಮೊದಲನೆಯದರಲ್ಲೇ ಎಲ್ಲರೂ ಜಾರುವುದು, ಯಾಕೆಂದರೆ ಅದಕ್ಕೆ ನಿಮ್ಮ ಗಿಡ ಒಂದೇ ಸಾಲದು, ಅದರ ಪಕ್ಕ ನೆಂಟರನ್ನೂ ನೆಡಬೇಕು. ತಾಯಿ, ತಂದೆ, ಮತ್ತೆ ಹಳದಿ ಹೂವಿನ ಮಾರಿಗೋಲ್ಡ್ (ಚೆಂಡು ಹೂವಲ್ಲ, ಆ ಹೆಸರಿನ ಸೇವಂತಿಗೆ), ಐಶ್ವರ್ಯ ಥರ ಈಗ ನಡೆಯುತ್ತಿರುವ ಸೇವಂತಿಗೆ ತಳಿಗಳು, ಎಲ್ಲವನ್ನೂ ಒಂದೇ ದಿನ, ಒಂದೇ ಮಡಿಯಲ್ಲಿ, ಒಂದೇ ಗೊಬ್ಬರ ನೀರಲ್ಲಿ. ನಮ್ಮ ಕಡೆ ಇನ್ನೊಂದು ತಾಪತ್ರಯ ಇದೆ. ಒಂದೇ ಗಿಡಕ್ಕೆ ನರ್ಸರಿಗೊಂದು ಹೆಸರು. ಆದ್ದರಿಂದ ಹೋಲಿಸುವ ಸಸಿ ಎಲ್ಲಿಂದ ತಂದಿರಿ ಅನ್ನುವುದನ್ನೂ ಬರೆದಿಡಿ.

ಮಂಡಿ ಹುಡುಗ, ಚಿಕ್ಕಬಳ್ಳಾಪುರ:

ಅಣ್ಣ, ಡಿಯುಎಸ್ ಗಿಯುಎಸ್ ಎಲ್ಲ ಇರಲಿ. ನಾನು ಹೂವಿನ ಮಾರುಕಟ್ಟೆಯಲ್ಲಿ ಕೂರುವವನು, ನನಗೆ ಬೇಕಾದದ್ದು ಹೇಳುತ್ತೇನೆ.

ಒಂದು ಬುಟ್ಟಿ ಹೂ ಕಿತ್ತು ಹೂ ಕಟ್ಟುವ ಹೆಂಗಸರ ಕೈಗೆ ಕೊಡಿ. ಅವರು ಎರಡು ಹೂ ಆ ಕಡೆ, ಎರಡು ಹೂ ಈ ಕಡೆ ಇಟ್ಟು ದಾರ ಸುತ್ತಿ ಎಳೆಯುತ್ತಾರಲ್ಲ, ಆಗ ತೊಟ್ಟಿನ ಹತ್ತಿರ ಹೂ ಕಳಚಿಕೊಂಡರೆ ನಿಮ್ಮ ತಳಿ ಅಲ್ಲಿಗೆ ಮುಗಿಯಿತು. ದಳ ಉದುರಿದರೂ ಮುಗಿಯಿತು. ಒಂದು ಮಾರು ಕಟ್ಟಿ ಮುಗಿಸಿದ ಮೇಲೆ ಮಡಿಲಲ್ಲಿ ಎಷ್ಟು ದಳ ಬಿದ್ದಿದೆ ನೋಡಿ. ಇದನ್ನು ಯಾವ ಫಾರಂನಲ್ಲೂ ಕೇಳುವುದಿಲ್ಲ, ಆದರೆ ವ್ಯಾಪಾರ ನಿಂತಿರುವುದೇ ಇದರ ಮೇಲೆ.

ಎರಡನೆಯದು, ಚೀಲಕ್ಕೆ ತುಂಬಿ ಒಂದು ರಾತ್ರಿ ಇಡಿ. ನಮ್ಮ ಹೂ ಹೈದರಾಬಾದ್, ಚೆನ್ನೈ ಕಡೆ ಲಾರಿಯಲ್ಲಿ ಹೋಗುತ್ತದೆ. ಬೆಳಿಗ್ಗೆ ಸುರಿದಾಗ ನಡುಭಾಗ ಬಿಸಿಯಾಗಿ ಕಂದು ತಿರುಗಿದ್ದರೆ ಯಾರೂ ಮುಟ್ಟುವುದಿಲ್ಲ. ಬೆಳಗಿನ ಜಾವ ಇಬ್ಬನಿ ಇರುವಾಗಲೇ ಕಿತ್ತದ್ದು, ಸ್ವಲ್ಪ ಒಣಗಿದ ಮೇಲೆ ಕಿತ್ತದ್ದು, ಎರಡನ್ನೂ ಬೇರೆ ಬೇರೆ ಇಟ್ಟು ನೋಡಿ.

ಬಣ್ಣದ ವಿಷಯ ಹೇಳಲೇಬೇಕು. ಹಿಂಭಾಗ ಇಟ್ಟಿಗೆ ಬಣ್ಣ ಅಂದಿರಿ. ಹಾರದಲ್ಲಿ ಹೂವಿನ ಹಿಂಭಾಗ ಕಾಣುತ್ತದೆ. ಆಯುಧ ಪೂಜೆಗೆ ಬಸ್ಸಿಗೆ, ಟ್ರ್ಯಾಕ್ಟರಿಗೆ ಹಾಕುವವರು ಅಚ್ಚ ಹಳದಿ ಕೇಳುತ್ತಾರೆ. ಎರಡು ಬಣ್ಣ ಕೆಲವರಿಗೆ ಹಿಡಿಸುತ್ತದೆ, ಕೆಲವರು "ಹಳೇ ಹೂವಾ" ಅಂತ ಕೇಳುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ ಬಿಡಿ ಹೂವಿಗಿಂತ ಕುಂಡದ ಗಿಡವಾಗಿ ಚೆನ್ನಾಗಿ ಓಡಬಹುದು.

ಕೋಲಾರದಾಕೆ:

ನಾನು ಕೋಲಾರದವಳು, ಈಗ ಇರುವುದು ಅಮೆರಿಕದ ಮಿನ್ನೆಸೋಟಾದಲ್ಲಿ. ಇಲ್ಲಿ ಹಿತ್ತಲಲ್ಲಿ ಪಿಯೋನಿ ಬೆಳೆಸಿ ಕ್ರಾಸ್ ಮಾಡುವ ಹುಚ್ಚು ನನಗೆ. ಗುಲಾಬಿ ಥರ ದೊಡ್ಡ ಹೂ, ಆದರೆ ಚಳಿಗಾಲದಲ್ಲಿ ಗಿಡ ನೆಲದವರೆಗೆ ಒಣಗಿ ಬೇರಲ್ಲೇ ಮಲಗಿ ವಸಂತದಲ್ಲಿ ಮತ್ತೆ ಏಳುತ್ತದೆ. ನಿಮ್ಮ ಪೋಸ್ಟ್ ನೋಡಿ ಹೊಟ್ಟೆ ಉರಿಯಿತು, ಯಾಕೆ ಅಂತ ಹೇಳುತ್ತೇನೆ.

ಪಿಯೋನಿಯಲ್ಲಿ ಮೊಗ್ಗು ಬಿರಿಯುವ ಮೊದಲೇ ದಳ ತೆಗೆದು ಕೇಸರಗಳನ್ನು ಕಿತ್ತು ಹಾಕಬೇಕು. ಪರಾಗ ಹಾಕಿ ಕವರ್ ಕಟ್ಟಿದರೆ ಬೇಸಿಗೆ ಮುಗಿಯುವ ಹೊತ್ತಿಗೆ ಕಾಯಿ ಒಡೆದು ಬಟಾಣಿ ಗಾತ್ರದ ಕಪ್ಪು ಬೀಜ ಸಿಗುತ್ತದೆ. ಆ ಬೀಜ ಮೊದಲು ಬೆಚ್ಚಗಿನಲ್ಲಿ ಬೇರು ಮಾತ್ರ ಬಿಡುತ್ತದೆ. ಆಮೇಲೆ ಒಂದು ಚಳಿ ಅನುಭವಿಸಿದ ಮೇಲಷ್ಟೇ ಎಲೆ. ಮೊದಲ ಹೂವಿಗೆ ಸಾಮಾನ್ಯವಾಗಿ 3ರಿಂದ 5 ವರ್ಷ, ಅದೂ ಮೊದಲ ಹೂ ನಂಬುವ ಹಾಗಿಲ್ಲ. ಬುಡ ಬಲಿತ ಮೇಲೆಯೇ ನಿಜವಾದ ರೂಪ. ಜಪಾನಿನಲ್ಲಿ ತೊಯಿಚಿ ಇತೊ ಅನ್ನುವವರು 1948ರಲ್ಲಿ ಮರದ ಥರ ಕಾಂಡ ಇರುವ ಹಳದಿ ಪಿಯೋನಿಯ ಪರಾಗವನ್ನು ಸಾಮಾನ್ಯ ಬಿಳಿ ಪಿಯೋನಿಗೆ ಹಾಕಿದರು. ಅದು ಆಗದ ಕೆಲಸ ಅಂತಲೇ ಎಲ್ಲರೂ ಅಂದುಕೊಂಡಿದ್ದರು. 1956ರಲ್ಲಿ ಅವರು ತೀರಿಕೊಂಡರು, ಸಸಿಗಳು ಹೂ ಬಿಟ್ಟದ್ದು ಆಮೇಲೆ. ಅವುಗಳಲ್ಲಿ ನಾಲ್ಕನ್ನು 1974ರಲ್ಲಿ ಅಮೆರಿಕದಲ್ಲಿ ನೋಂದಣಿ ಮಾಡಿಸಿದರು. ಇವತ್ತಿಗೂ ಆ ಗುಂಪಿಗೆ ಇತೊ ಪಿಯೋನಿ ಅಂತಲೇ ಹೆಸರು. ನಿಮಗೆ ಬೀಜ ಹಾಕಿದ ವರ್ಷವೇ ಹೂ! ಪುಣ್ಯ ಮಾಡಿದ್ದೀರಿ.

ವಿವರಣೆಯ ಬಗ್ಗೆ. ಪಿಯೋನಿ ಹೆಸರುಗಳ ಅಂತರರಾಷ್ಟ್ರೀಯ ನೋಂದಣಿ ಅಮೆರಿಕನ್ ಪಿಯೋನಿ ಸೊಸೈಟಿ ಕೈಯಲ್ಲಿದೆ. ಅಲ್ಲಿ ಬಣ್ಣ ಏನು ಅಂತ ಕೇಳಿ ಬಿಟ್ಟುಬಿಡುವುದಿಲ್ಲ. ತಂದೆ ತಾಯಿ ಯಾರು, ಮೊದಲ ಹೂ ಯಾವ ವರ್ಷ, ಒಂಟಿಯೋ ತುಂಬೋ ನಡುಭಾಗ ಚೆಂಡಿನಂತೆ ಉಬ್ಬಿದ ಬಾಂಬ್ ಆಕಾರವೋ, ಕೇಸರ ಕಾಣುತ್ತದಾ ಇಲ್ಲವಾ, ವಾಸನೆ, ಎತ್ತರ, ಒಂದು ಕಾಂಡಕ್ಕೆ ಎಷ್ಟು ಮೊಗ್ಗು, ಋತುವಿನ ಶುರುವಲ್ಲಿ ಅರಳುತ್ತದಾ ಕೊನೆಗಾ, ಮಳೆ ಬಿದ್ದರೆ ಕಾಂಡ ನಿಲ್ಲುತ್ತದಾ ಬಾಗುತ್ತದಾ, ಎಲೆ ಹೇಗೆ, ಹೀಗೆಲ್ಲ. ಇನ್ನೊಬ್ಬರ ಹಿತ್ತಲಲ್ಲಿ ಹೆಸರಿನ ಚೀಟಿ ಕಳೆದುಹೋದ ಗಿಡ ಇದ್ದರೆ, ನಿಮ್ಮ ವಿವರಣೆ ಓದಿ ಅದು ನಿಮ್ಮದೇ ಹೌದೋ ಅಲ್ಲವೋ ಹೇಳಲು ಬರಬೇಕು. ನಾನು ಬರೆಯುವಾಗ ಅದೊಂದನ್ನೇ ತಲೆಯಲ್ಲಿ ಇಟ್ಟುಕೊಳ್ಳುತ್ತೇನೆ.

ಗೌರಿಬಿದನೂರು ಗುರು:

ಅಕ್ಕ, ಈ ಪಿಯೋನಿ ನಂದಿ ಬೆಟ್ಟದ ಮೇಲಾದರೂ ಬರುತ್ತದಾ? ಆನ್‌ಲೈನ್‌ನಲ್ಲಿ ಗಡ್ಡೆ ಮಾರುತ್ತಾರೆ, ಫೋಟೋ ನೋಡಿದರೆ ತಗೋಬೇಕು ಅನ್ನಿಸುತ್ತದೆ.

ಕೋಲಾರದಾಕೆ:

ದುಡ್ಡು ಉಳಿಸಿಕೊಳ್ಳಿ ಗುರು. ನಂದಿ ಬೆಟ್ಟ 1,478 ಮೀಟರ್ ಎತ್ತರ, ಬೆಳಿಗ್ಗೆ ಸ್ವೆಟರ್ ಬೇಕು ನಿಜ. ಆದರೆ ಪಿಯೋನಿಗೆ ಬೇಕಾದದ್ದು ವಾರಗಟ್ಟಲೆ ಫ್ರಿಜ್ ಒಳಗಿನಂಥ ಚಳಿ. ಅದಿಲ್ಲದೆ ಬೇರಿನ ಮೇಲಿನ ಮೊಗ್ಗು ಏಳುವುದಿಲ್ಲ, ಎದ್ದರೂ ಬರೀ ಎಲೆ. ನಮ್ಮ ದೇಶದಲ್ಲೂ ಒಂದು ಕಾಡು ಪಿಯೋನಿ ಇದೆ, ಬಿಳಿ ಹೂ. ಇರುವುದು ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಬೆಟ್ಟಗಳಲ್ಲಿ. ಅಷ್ಟು ಆಸೆ ಇದ್ದರೆ ಆ ಕಡೆ ಟ್ರಿಪ್ ಹಾಕಿ.

ಬೆಟ್ಟದ ಬುಡದವನು:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಬರೆದೆ, ನೋಡಿ ಹೇಳಿ:

"ಬಹಳ ಆಕರ್ಷಕವಾದ ಹಳದಿ ಬಣ್ಣದ ದೊಡ್ಡ ಹೂ. ದಳದ ಹಿಂಭಾಗ ಸುಂದರವಾದ ಇಟ್ಟಿಗೆ ಬಣ್ಣ. ಗಿಡ ಮಧ್ಯಮ ಎತ್ತರ. ಹೆಚ್ಚು ಇಳುವರಿ ಕೊಡುತ್ತದೆ. ಬೇಗ ಹೂ ಬಿಡುತ್ತದೆ. ರೋಗ ಬರುವುದಿಲ್ಲ."

ಹಳೇ ತೋಟಗಾರ, ತುಮಕೂರು:

ಬೇಜಾರು ಮಾಡಿಕೊಳ್ಳಬೇಡಿ ತಮ್ಮ, ಇದು ನರ್ಸರಿ ಬೋರ್ಡಿಗೆ ಸರಿ. ವಿವರಣೆ ಅಲ್ಲ. ದಳದ ಹಿಂಭಾಗದ ಮಾತೊಂದು ಬಿಟ್ಟರೆ ಉಳಿದ ಐದು ವಾಕ್ಯವನ್ನು ಯಾವ ಹಳದಿ ಸೇವಂತಿಗೆಗೆ ಬೇಕಾದರೂ ಅಂಟಿಸಬಹುದು, ಅಲ್ವಾ?

"ಆಕರ್ಷಕ", "ಸುಂದರ" ಎರಡನ್ನೂ ಹೊಡೆದುಹಾಕಿ. "ದೊಡ್ಡ" ಅಂದರೆ ಎಷ್ಟು? ಸ್ಕೇಲ್ ಹಿಡಿದು ಪೂರ್ತಿ ಅರಳಿದ ಹೂ ಅಳೆಯಿರಿ, ಒಂದಲ್ಲ, ಬೇರೆ ಬೇರೆ ಗಿಡದ ಹತ್ತಾರು ಹೂ. "ಮಧ್ಯಮ ಎತ್ತರ" ಕೂಡ ಹಾಗೇ, ಕುಡಿ ಚಿವುಟಿದ ಗಿಡವೋ ಚಿವುಟದ್ದೋ ಅನ್ನುವುದೂ ಬೇಕು. "ರೋಗ ಬರುವುದಿಲ್ಲ" ಅನ್ನುವುದನ್ನಂತೂ ಯಾವತ್ತೂ ಬರೆಯಬೇಡಿ. ಪಕ್ಕದ ಸೆಂಟ್ ಯೆಲ್ಲೋ ಸಾಲಿಗೆ ಎಲೆಚುಕ್ಕೆ ಬಂದಾಗ ಇದಕ್ಕೆ ಎಷ್ಟು ಬಂತು ಅಂತ ಬರೆಯಿರಿ. ಔಷಧಿ ಹೊಡೆದ ಮಡಿಯಲ್ಲಿ ಅದು ಗೊತ್ತಾಗುವುದಿಲ್ಲ, ನಾಲ್ಕು ಗಿಡ ಔಷಧಿ ಇಲ್ಲದೆ ಬಿಡಬೇಕು.

"ಬೇಗ ಹೂ ಬಿಡುತ್ತದೆ" ಅನ್ನುವುದರಲ್ಲಿ ಒಳ್ಳೆಯ ವಿಷಯ ಅಡಗಿದೆ, ನೀವು ಹೊರಗೆ ತೆಗೆದಿಲ್ಲ. ಸೇವಂತಿಗೆ ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಗಿಡ. ನೀವು ಬಲ್ಬು ಉರಿಸುವುದೇ ಅದನ್ನು ತಡೆದು ಗಿಡ ಬೆಳೆಸುವುದಕ್ಕೆ. ಬಲ್ಬು ನಿಲ್ಲಿಸಿದ ರಾತ್ರಿಯಿಂದ ಹೂ ಕೀಳುವವರೆಗೆ ಎಷ್ಟು ವಾರ? ಅದು ತಳಿಯಿಂದ ತಳಿಗೆ ಬೇರೆ, ಆದರೆ ಒಂದೇ ತಳಿಯಲ್ಲಿ ಜಾಸ್ತಿ ಅಲುಗಾಡುವುದಿಲ್ಲ. ತಾಯಿ ಗಿಡಕ್ಕಿಂತ ಇದು ಒಂದು ವಾರ ಮೊದಲೇ ಬರುತ್ತಿದ್ದರೆ, ಹಬ್ಬಕ್ಕೆ ಲೆಕ್ಕ ಹಾಕುವ ರೈತನಿಗೆ ಬಣ್ಣಕ್ಕಿಂತ ಅದೇ ಮುಖ್ಯ. ನೋಡುವಾಗ ಎಚ್ಚರ: ಬಲ್ಬಿನ ಕೆಳಗಿನ ಸಾಲನ್ನು ಬಲ್ಬಿಲ್ಲದ ಸಾಲಿಗೆ ಹೋಲಿಸಬೇಡಿ.

ಬಣ್ಣ. ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ. ಹಳದಿ ಬರುವುದು ಕ್ಯಾರೊಟಿನಾಯ್ಡ್ ಅನ್ನುವ ವಸ್ತುವಿನಿಂದ, ಅದು ಬಿಸಿಲಿಗೆ ಅಷ್ಟಾಗಿ ಜಗ್ಗುವುದಿಲ್ಲ. ಇಟ್ಟಿಗೆ ಬಣ್ಣ ಬರುವುದು ಆ ಹಳದಿಯ ಮೇಲೆ ಆಂಥೊಸಯಾನಿನ್ ಕೆಂಪು ಸೇರಿದಾಗ. ಈ ಕೆಂಪು ಚಳಿಯಲ್ಲಿ ಗಾಢ, ಸೆಕೆಯಲ್ಲಿ ತೆಳು. ನೀವು ಡಿಸೆಂಬರ್‌ನಲ್ಲಿ ನೋಡಿದ ಇಟ್ಟಿಗೆ ಬಣ್ಣ ಏಪ್ರಿಲ್ ಹೂವಿನಲ್ಲಿ ಬರೀ ಗೆರೆಯಾಗಿ ಉಳಿಯಬಹುದು, ಇಲ್ಲವೇ ಇರುವುದೇ ಇಲ್ಲ. ನಿಮ್ಮ ತಳಿಯ ಗುರುತೇ ಆ ಹಿಂಭಾಗ ಆಗಿರುವುದರಿಂದ ಎರಡೂ ಕಾಲದ ಹೂ ನೋಡದೆ ಬರೆಯಬೇಡಿ. ಬಣ್ಣ ಹೇಳುವುದಕ್ಕೆ ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಬಣ್ಣದ ಚಾರ್ಟ್ ಇದೆ, 1966ರಿಂದ ಬರುತ್ತಿದೆ, ಬೀಸಣಿಗೆ ಥರ ಬಿಡಿಸುವ ಪಟ್ಟಿಗಳು, ಪ್ರತಿ ಬಣ್ಣಕ್ಕೆ ಒಂದು ನಂಬರು ಒಂದು ಅಕ್ಷರ. ದುಬಾರಿ, ಕೊಳ್ಳಲು ಹೋಗಬೇಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಅಂದರೆ ಐಐಎಚ್‌ಆರ್‌ನಲ್ಲಿ ಹೂವಿನ ತಳಿಗಳ ಮೇಲೆ ಕೆಲಸ ಮಾಡುವವರಿದ್ದಾರೆ, ಬೆಳಿಗ್ಗೆ ಕಿತ್ತ ಹೂ ತೆಗೆದುಕೊಂಡು ಹೋಗಿ ಕೇಳಿ. ನೇರ ಬಿಸಿಲಲ್ಲಿ ಹಿಡಿದು ನೋಡಬಾರದು, ಉತ್ತರದ ಕಿಟಕಿಯ ಬೆಳಕು ಒಳ್ಳೆಯದು. ಮೊಬೈಲ್ ಫೋಟೋ ಮೇಲೆ ಬಣ್ಣ ನಿರ್ಧಾರ ಮಾಡಲೇಬೇಡಿ.

ಇದೆಲ್ಲ ಸೇರಿಸಿ ಬರೆದರೆ ಹೀಗೆ ಬರಬೇಕು, ಅಳತೆ ನೀವು ತುಂಬಿಸಿಕೊಳ್ಳಿ: "ಸೆಂಟ್ ಯೆಲ್ಲೋ ತಾಯಿ, ಮನೆಯ ಹಳೇ ಇಟ್ಟಿಗೆ ಕೆಂಪು ತಂದೆ. ತುದಿ ಕಟಿಂಗ್‌ನಿಂದ ಬೆಳೆಸಿ ಒಮ್ಮೆ ಕುಡಿ ಚಿವುಟಿದ ಗಿಡದ ಎತ್ತರ ಇಷ್ಟು. ಹೂವಿನ ಅಗಲ ಇಷ್ಟು. ದಳ ಇಷ್ಟು ಸುತ್ತು, ಪೂರ್ತಿ ಅರಳಿದಾಗಲೂ ನಡುವಿನ ಬಟ್ಟಲು ಕಾಣುವುದಿಲ್ಲ. ದಳದ ಮೇಲ್ಭಾಗ ಹಳದಿ, ಚಾರ್ಟ್ ನಂಬರು ಇಷ್ಟು. ಹಿಂಭಾಗ ಚಳಿಗಾಲದಲ್ಲಿ ಪೂರ್ತಿ ಇಟ್ಟಿಗೆ ಬಣ್ಣ, ಬೇಸಿಗೆಯಲ್ಲಿ ಹೀಗೆ. ದಳದ ತುದಿ ದುಂಡು ಅಥವಾ ಸೀಳು. ಬಲ್ಬು ನಿಲ್ಲಿಸಿದ ಇಷ್ಟು ವಾರಕ್ಕೆ ಮೊದಲ ಕೊಯ್ಲು. ತಾಯಿಗಿಂತ ಬೇರೆ ಅನ್ನಿಸುವುದು ದಳದ ಹಿಂಭಾಗದ ಬಣ್ಣದಿಂದ, ತಂದೆಗಿಂತ ಬೇರೆ ಅನ್ನಿಸುವುದು ತುಂಬು ಹೂವಿನಿಂದ." ಕೊನೆಯ ವಾಕ್ಯಕ್ಕೋಸ್ಕರವೇ ಉಳಿದದ್ದೆಲ್ಲ. ಎಲೆ ಮರೆಯಬೇಡಿ, ಎಲೆಯ ಸೀಳು ಎಷ್ಟು ಆಳ ಅನ್ನುವುದರಿಂದ ಹೂ ಇಲ್ಲದಾಗಲೂ ತಳಿ ಗುರುತಿಸಬಹುದು.

ಕರಿಕೋಟಿನ ರೈತ, ಶಿಡ್ಲಘಟ್ಟ:

ನಾನು ವಕೀಲ, ಜೊತೆಗೆ ಸ್ವಲ್ಪ ಹಿಪ್ಪುನೇರಳೆ, ರೇಷ್ಮೆ. ನರ್ಸರಿ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನನ್ನ ಪ್ರಕಾರ ಅದೇ ಅರ್ಜೆಂಟ್.

ನಮ್ಮಲ್ಲಿ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಇದೆ, 2001ರದ್ದು. ಹೊಸ ತಳಿ ಅಂತ ನೋಂದಣಿ ಮಾಡಿಸಬೇಕಾದರೆ, ಅರ್ಜಿ ಹಾಕುವುದಕ್ಕೆ ಒಂದು ವರ್ಷಕ್ಕಿಂತ ಮೊದಲೇ ಅದನ್ನು ಭಾರತದಲ್ಲಿ ಮಾರಿರಬಾರದು. ನೀವು ಇವತ್ತು ಕಟಿಂಗ್ ಮಾರಿದರೆ ಇವತ್ತಿನಿಂದಲೇ ಲೆಕ್ಕ ಶುರು. ಮಾರದೆ ಬರೀ ಪ್ರಯೋಗಕ್ಕೆ ಬೆಳೆಸಿ ನೋಡಿದರೆ ತೊಂದರೆ ಇಲ್ಲ. ಹಾಗಾಗಿ ನರ್ಸರಿಯವರಿಗೆ ಕೊಡಲೇಬೇಕು ಅಂತಿದ್ದರೆ, ಪ್ರಯೋಗಕ್ಕೆ ಮಾತ್ರ, ಮಾರುವ ಹಾಗಿಲ್ಲ, ಬೇರೆಯವರಿಗೆ ಕೊಡುವ ಹಾಗಿಲ್ಲ ಅಂತ ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿ. ಪರಿಚಯದವರು ಅಂತ ಸುಮ್ನೆ ಇರಬೇಡಿ. ಪರಿಚಯದವರ ಹತ್ತಿರವೇ ಜಗಳ ಆಗುವುದು. ನೋಂದಣಿ ಆದರೆ ಇಂಥ ಬೆಳೆಗಳಿಗೆ ಮೊದಲು 6 ವರ್ಷ, ನವೀಕರಿಸುತ್ತಾ ಹೋದರೆ ಒಟ್ಟು 15 ವರ್ಷ ರಕ್ಷಣೆ. ತಳಿ ಮಾಡಿದ ರೈತನಿಗೂ ಅದೇ ಹಕ್ಕು ಇದೆ. ನೋಂದಣಿ ಮಾಡುವ ಪ್ರಾಧಿಕಾರದ ಮುಖ್ಯ ಕಚೇರಿ ದೆಹಲಿಯಲ್ಲಿ, ಆದರೆ ಶಿವಮೊಗ್ಗದಲ್ಲಿ ಶಾಖೆ ಇದೆ, ಮೊದಲು ಅಲ್ಲಿ ವಿಚಾರಿಸಿ.

ಹೆಸರಿನ ವಿಷಯ. "ನಂದಿ ಹೊನ್ನು" ಕಿವಿಗೆ ಚೆನ್ನಾಗಿದೆ. ಆದರೆ ಆ ಕಾಯ್ದೆಯಲ್ಲಿ ಊರು, ಜಾಗದ ಹೆಸರು ಪೂರ್ತಿಯಾಗಲಿ ಭಾಗವಾಗಲಿ ಇದ್ದರೆ ತಕರಾರು ಬರಬಹುದು. ಪ್ರಾಮಾಣಿಕವಾಗಿ ಬಳಸಿದ್ದಾರೆ ಅನ್ನಿಸಿದರೆ ರಿಜಿಸ್ಟ್ರಾರ್ ಒಪ್ಪಬಹುದು. ನಂದಿ ಬಸವಣ್ಣನೂ ಹೌದಲ್ಲ ಅಂತ ವಾದ ಮಾಡಬಹುದು, ಫೀಸು ಕೊಟ್ಟರೆ ನಾನೇ ಮಾಡುತ್ತೇನೆ. ಬರೀ ಅಂಕಿಯ ಹೆಸರೂ ನಡೆಯುವುದಿಲ್ಲ. ಎರಡು ಮೂರು ಹೆಸರು ಯೋಚಿಸಿಟ್ಟುಕೊಳ್ಳಿ.

ಕೋಲಾರದಾಕೆ:

ಹೆಸರಿಗೆ ಇನ್ನೊಂದು ಸೇರಿಸುತ್ತೇನೆ. ಬೆಳೆಸಿದ ಗಿಡಗಳ ಹೆಸರಿಗೆ ಅಂತರರಾಷ್ಟ್ರೀಯ ನಿಯಮ ಇದೆ, ಅದರ ಪ್ರಕಾರ 10 ಉಚ್ಚಾರ ಭಾಗ, 30 ಅಕ್ಷರ ಮೀರಬಾರದು, ಹೊಸ ಹೆಸರು ಲ್ಯಾಟಿನ್‌ನಲ್ಲಿ ಇರಬಾರದು. ಕನ್ನಡ ಹೆಸರು ಧಾರಾಳವಾಗಿ ಇಡಬಹುದು. ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬರೆಯುವುದು ಅಂತ ನೀವೇ ಮೊದಲು ನಿರ್ಧರಿಸಿ ಕೊಟ್ಟುಬಿಡಿ, ಇಲ್ಲದಿದ್ದರೆ ನಾಲ್ಕು ಜನ ನಾಲ್ಕು ಥರ ಬರೆಯುತ್ತಾರೆ.

ಬೆಟ್ಟದ ಬುಡದವನು:

ನರ್ಸರಿಯವರಿಗೆ ಈಗ ಕೊಡುವುದಿಲ್ಲ ಅಂತ ಫೋನ್ ಮಾಡಿ ಹೇಳಿದೆ. ಸ್ವಲ್ಪ ಮುನಿಸಿಕೊಂಡರು, ಇರಲಿ. ಈ ಸಲ ತಾಯಿ, ತಂದೆ, ಮಾರಿಗೋಲ್ಡ್, ಐಶ್ವರ್ಯ ಎಲ್ಲ ಸೇರಿಸಿ ಒಂದು ಮಡಿ ಮಾಡುತ್ತೇನೆ, ಅರ್ಧಕ್ಕೆ ಬಲ್ಬು, ಅರ್ಧಕ್ಕೆ ಇಲ್ಲ. ಬೇಸಿಗೆ ಹೂ ನೋಡಿದ ಮೇಲೆಯೇ ಬಣ್ಣ ಬರೆಯುವುದು. ತೋಟಗಾರರೇ, ಒಂದು ಡೌಟು. ಸಾಲಿನಲ್ಲಿ ಒಂದು ಗಿಡದ ಒಂದೇ ಕೊಂಬೆ ಅಚ್ಚ ಹಳದಿ ಬಿಟ್ಟಿದೆ, ಹಿಂದೆ ಕೆಂಪೇ ಇಲ್ಲ. ಅದನ್ನು ಕಿತ್ತು ಹಾಕಲಾ?

ಹಳೇ ತೋಟಗಾರ, ತುಮಕೂರು:

ಕೀಳಬೇಡಿ! ಅದು ಕೊಂಬೆಯಲ್ಲಿ ಆದ ಬದಲಾವಣೆ, ಸ್ಪೋರ್ಟ್ ಅನ್ನುತ್ತಾರೆ. ಸೇವಂತಿಗೆಯಲ್ಲಿ ಇದು ಹೊಸದೇನಲ್ಲ, ಎಷ್ಟೋ ತಳಿಗಳು ಹೀಗೇ ಹುಟ್ಟಿವೆ. ಆ ಕೊಂಬೆಗೆ ದಾರ ಕಟ್ಟಿ, ಹೂ ಮುಗಿದ ಮೇಲೆ ಅದರ ಪಕ್ಕದ ಚಿಗುರುಗಳಿಂದ ಕಟಿಂಗ್ ತೆಗೆದು ಬೇರೆ ಟ್ರೇಯಲ್ಲಿ ಬೆಳೆಸಿ. ಮುಖ್ಯ ಸಾಲಿಗೆ ಮಾತ್ರ ಅದು ಸೇರಬಾರದು, ಸೇರಿದರೆ ಒಂದೇ ಥರ ಇರಬೇಕು ಅನ್ನುವ ಎರಡನೇ ಪರೀಕ್ಷೆ ಹಾಳು. ಇಂಥ ಕೊಂಬೆ ಎಷ್ಟು ಗಿಡದಲ್ಲಿ ಬಂತು ಅಂತಲೂ ಬರೆದಿಡಿ. ಜಾಸ್ತಿ ಬಂದರೆ ನಿಮ್ಮ ಇಟ್ಟಿಗೆ ಬಣ್ಣ ನಿಲ್ಲುವ ಬಣ್ಣ ಅಲ್ಲ ಅಂತ ಅರ್ಥ.

ಮಂಡಿ ಹುಡುಗ, ಚಿಕ್ಕಬಳ್ಳಾಪುರ:

ಅಚ್ಚ ಹಳದಿನಾ? ಅಣ್ಣ, ಆ ಕೊಂಬೆಯ ಸಸಿ ಹೂ ಬಿಟ್ಟಾಗ ಮೊದಲು ನನಗೆ ಫೋನ್ ಮಾಡಿ. ಮಾರುವುದು ಬೇಡ, ನಮ್ಮ ಹೂ ಕಟ್ಟುವ ಅಮ್ಮಂದಿರನ್ನು ನಿಮ್ಮ ತೋಟಕ್ಕೇ ಕರೆದುಕೊಂಡು ಬರುತ್ತೇನೆ.